ಒಂದು ಗೂಟ ಕಡಿಮೆ

ಶಾರ್ಜಾದ ಶಾಲೆಯೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ
ಬೀಕರು ಎಣಿಸುವವನು ನಾನು.
ಶುಕ್ರವಾರ ಅರ್ಧ ದಿನದ ಗಂಟೆ ಹೊಡೆದದ್ದೇ
ನನ್ನ ಕೊರಳಿಗೂ ಒಂದು ಸ್ಕಾರ್ಫು ಬಿತ್ತು.
"ದೊಡ್ಡವರು ಒಬ್ಬರು ಕಡಿಮೆ, ಬನ್ನಿ ಮಾರಾಯ್ರೆ"
ಅಂದರು ಕುಟಿನ್ಹಾ ಮಾಸ್ಟ್ರು.

ಇಪ್ಪತ್ತೆರಡು ಹುಡುಗರು, ಏಳು ಡೇರೆ,
ಐವತ್ತಾರು ಗೂಟ. ಎಣಿಸಿ ಸಹಿ ಹಾಕಿದೆ.
ಬಸ್ಸು ಉಮ್ಮುಲ್ ಕುವೈನಿನ ದಾರಿ ಹಿಡಿಯಿತು.

ಖೋರಿನ ದಂಡೆಗೊಂದು ಪಾರ್ಕು.
ಹುಲ್ಲಿಗೆ ಪೈಪಿನ ನೀರು, ಬೆಂಕಿಗೆ ಸಿಮೆಂಟಿನ ಗುಂಡಿ,
ಖರ್ಜೂರದ ಮರಕ್ಕೊಂದೊಂದು ನಂಬರು.
ಆಚೆಗೆ ಮಾತ್ರ ಯಾರೂ ನೆಡದ ಕಾಂಡ್ಲಾ,
ಕೆಸರಿನಿಂದ ಬೆರಳೆತ್ತಿ ಹಾಜರಿ ಹೇಳುವ ಬೇರು.
ಕಾವಲಿನ ಗುಲ್ಜಮಾನ್ ಸೀಟಿ ತೋರಿಸಿ ಹೇಳಿದ:
ಹತ್ತರ ಮೇಲೆ ಗಲಾಟೆ ಇಲ್ಲ,
ಹುಲ್ಲಿನಲ್ಲಿ ಗೂಟ ಹೊಡೆಯುವಂತಿಲ್ಲ.
ಹಾಗಾಗಿ ಮರಳಿಗಿಳಿದೆವು.

ಸ್ಕೌಟಿನಲ್ಲಿ ಗುಂಪಿಗೆ ಪೆಟ್ರೋಲ್ ಅನ್ನುತ್ತಾರೆ;
ಈ ನಾಡಿನಲ್ಲಿ ಆ ಮಾತಿಗೆ ಬೇರೆಯೇ ವಾಸನೆ.
ಅಷ್ಟಿದ್ದೂ ಫಾಲ್ಕನ್ ಪೆಟ್ರೋಲಿನ ಒಲೆ ಹೊತ್ತಲಿಲ್ಲ.
ಹದಿನಾಲ್ಕನೇ ಮಹಡಿಯ ಹುಡುಗರು
ಬೆಂಕಿಪೊಟ್ಟಣವನ್ನು ಮ್ಯೂಸಿಯಮ್ಮಿನ ಒಡವೆಯಂತೆ
ತಿರುವಿ ತಿರುವಿ ನೋಡಿದರು.
ಆರೋನ್ ಲೋಬೋಗೆ ಹನ್ನೊಂದು ಕಡ್ಡಿ ಹಿಡಿಯಿತು.
ಹನ್ನೆರಡನೆಯದಕ್ಕೆ ಎಲ್ಲರೂ ಚಪ್ಪಾಳೆ.
ಅರ್ಧ ಬೆಂದ ನೂಡಲ್ಸು, ಬೂದಿ ಹತ್ತಿದ ಖುಬೂಸು;
ಇಷ್ಟು ರುಚಿಯನ್ನು ಅಮ್ಮ ಯಾಕೆ ಮಾಡುವುದಿಲ್ಲ ಎಂದು
ಒಬ್ಬ ನಿಜವಾಗಿಯೂ ಕೇಳಿದ.

"ಒಂದು ನಲವತ್ತಕ್ಕೆ ಭರತ" ಎಂದು ಓದಿದರು ಮಾಸ್ಟ್ರು,
"ನಾಳೆ ಮಧ್ಯಾಹ್ನ. ಆಗ ನಾವು ಬಸ್ಸಿನಲ್ಲಿ."
ಗಂಗೊಳ್ಳಿಯವನಾದ ನಾನು ಚಂದ್ರನನ್ನು ನೋಡಿದೆ, ತುಂಬಿದ್ದ.
ಕಾಗದವನ್ನು ನೋಡಿದೆ, ಲ್ಯಾಮಿನೇಟ್ ಮಾಡಿತ್ತು.
ಕಾಗದವನ್ನೇ ನಂಬಿದೆ.
ಹನ್ನೊಂದು ವರ್ಷ ಲ್ಯಾಬಿನಲ್ಲಿದ್ದವನಿಗೆ ಹಾಗಾಗುತ್ತದೆ.

ಇಲ್ಲಿಯ ಕಡಲು ಅಬ್ಬರಿಸುವುದಿಲ್ಲ.
ಬೆಕ್ಕಿನ ಹಾಗೆ ಬಂತು.
ಒಲೆಯ ಬೂದಿಯನ್ನು ಮೂಸಿತು,
ಚಪ್ಪಲಿಗಳನ್ನು ಒಂದೊಂದಾಗಿ ಎತ್ತಿಕೊಂಡಿತು.
ರಾತ್ರಿ ಪಹರೆಯ ಫಾಯಿಝ್
ಪಾದ ಮುಳುಗುವ ತನಕ ಸುಮ್ಮನೆ ನಿಂತಿದ್ದು
ಆಮೇಲೆ ಬಂದು ನನ್ನ ತೋಳು ತಟ್ಟಿದ, ಬಲು ಮರ್ಯಾದೆಯಿಂದ:
"ಸರ್, ನೆಲ ಒದ್ದೆಯಾಗ್ತಿದೆ. ಇದು ನಾರ್ಮಲ್ಲಾ?"

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ.
ಟಾರ್ಚು, ಕೂಗು, ಉಪ್ಪುನೀರಿನಲ್ಲಿ ನೆನೆದ ಹಗ್ಗ.
ಶೂ ಲೇಸಿಗೆ ಅಮ್ಮನನ್ನು ಕರೆಯುವ ಕೈಗಳು
ಕತ್ತಲಲ್ಲಿ ಗಂಟು ಬಿಚ್ಚುತ್ತಿದ್ದವು.
ಎಲ್ಲರಿಗಿಂತ ಚಿಕ್ಕವನು, ಉಳ್ಳಾಲದ ಝಿದಾನ್, ಏಳಲೇ ಇಲ್ಲ.
ನಾಲ್ವರು ಚಾಪೆಯ ನಾಲ್ಕು ಮೂಲೆ ಹಿಡಿದು
ಅವನನ್ನು ಹುಲ್ಲಿಗೆ ಹೊತ್ತು ತಂದರು.
ಒಡೆಯುವ ಸಾಮಾನಿಗೆ ನಾನೂ
ಅಷ್ಟು ಮೆತ್ತಗೆ ಕೈ ಹಾಕಿದ್ದಿಲ್ಲ.
ಗುಲ್ಜಮಾನ್ ಓಡಿ ಬಂದ. ಬಾಯಲ್ಲಿ ಸೀಟಿ,
ಊದುವುದು ಮರೆತಿದ್ದ.
ಕಲ್ಲೆತ್ತಿ ತಾನೇ ಗೂಟ ಹೊಡೆದ,
ಹೊಡೆಯಬಾರದ ಹುಲ್ಲಿನಲ್ಲಿ.

ಬೆಳಗಾದಾಗ ಖೋರು ಬರಿದಾಗಿತ್ತು.
ದೂರದ ಕೆಸರಿನಲ್ಲಿ ಫ್ಲೆಮಿಂಗೊಗಳು
ಒಂದೊಂದೇ ಕಾಲೆತ್ತಿ ನಡೆದಿದ್ದವು,
ಹೊಸ ಸಾಕ್ಸು ಒದ್ದೆಯಾದೀತೆಂಬ ಹಾಗೆ.
ಝಿದಾನ್ ಎದ್ದ. ಕಣ್ಣುಜ್ಜಿಕೊಂಡ.
ತನ್ನ ಡೇರೆಯಿಂದ ಕಡಲಿನವರೆಗೆ ಉದ್ದಕ್ಕೂ ನೋಡಿದ.
"ಸಮುದ್ರವನ್ನು ಅಷ್ಟು ದೂರ ತಳ್ಳಿದ್ದು ಯಾರು?"
ಹುಡುಗರು ಮುಖ ಮುಖ ನೋಡಿಕೊಂಡರು.
"ನಾವೇ" ಅಂದ ಆರೋನ್.
ಸ್ಕೌಟ್ ಸುಳ್ಳು ಹೇಳುವಂತಿಲ್ಲ.
ಯಾರೂ ತಿದ್ದಲಿಲ್ಲ. ನಾನೂ.

ಸೋಮವಾರ ಸ್ಟಾಕ್ ರಿಜಿಸ್ಟರು ತೆರೆದೆ.
ಡೇರೆ ಏಳು. ಹಗ್ಗ ಸರಿ. ಗೂಟ ಐವತ್ತೈದು.
ಷರಾ ಅಂಕಣದಲ್ಲಿ ‘ಕಳೆದಿದೆ’ ಎಂದು ಬರೆಯಬೇಕು.
‘ಕಡಲಿಗೆ ಎರವಲು’ ಎಂದು ಬರೆದೆ.
ಆಡಿಟಿನವರು ಬರುವುದು ಏಪ್ರಿಲಿಗೆ.